ಹಿಂದೆ ಬರುವುದು ಬೇಡ

ಮೂವತ್ತನಾಲ್ಕು ವರ್ಷ ಈ ಕಡಲೂರಿನ ಟಪಾಲನ್ನೆಲ್ಲ
ಎಡ ಹೆಗಲಲ್ಲೇ ಹೊತ್ತವಳು.
ಈಗ ಸೊಂಟದೊಳಗೆ ಹೊಸ ಕೀಲು,
ಮೂರು ತಿಂಗಳ ಕೂಸು ಅದು.
"ಗಾಲ್ಫ್ ಆಡಿ ಇಶ್ಬೆಲ್, ಬೇಡವೆನ್ನುವುದಿಲ್ಲ,
ಚೀಲ ಮಾತ್ರ ಹೊರಬೇಡಿ" ಎಂದರು ಡಾಕ್ಟರು.
ಈಜು, ಆದರೆ ನೀರು ಮುಟ್ಟಬೇಡ
ಅಂದ ಹಾಗೆ.

ಅದಕ್ಕೇ ಬಂದರಿನ ಹಿಂದಿನ ಅಂಗಡಿಯಲ್ಲಿ
ದನದ ಸಂತೆಯಲ್ಲಿ ಹಲ್ಲೆಣಿಸುವವಳಂತೆ ನಿಂತೆ.
ಮೂತಿ ತಗ್ಗಿಸಿ ಸಾಲಾಗಿ ನಿಂತಿದ್ದವು ಟ್ರಾಲಿಗಳು,
ಎಲ್ಲ ಕಪ್ಪು, ಒಂದು ಮಾತ್ರ ಬಿಳಿ.
ಮಾರುವ ಹುಡುಗ ಲಾಕ್‌ಲನ್.
ಅವನ ತಾಯಿಗೆ ಬರುತ್ತಿದ್ದ ಪ್ರೇಮಪತ್ರಗಳ ತೂಕ
ನನಗೆ ಗೊತ್ತು;
ಅವನಿಗೆ ಹೇಳಲಿಲ್ಲ.

"ಲಿಥಿಯಂ ಬ್ಯಾಟರಿ. ಹದಿನೆಂಟು ಕುಳಿಗೊಂದು,
ಮೂವತ್ತಾರು ಕುಳಿಗೊಂದು" ಎಂದ.
"ಒಂದೇ ದಿನಕ್ಕೆ ಮೂವತ್ತಾರು ಆಡುವ ಮುಖವೇ ಇದು?"
ನಕ್ಕ. ನೂರ ನಲವತ್ತು ಪೌಂಡು ಇಳಿಯಿತು.

ಮೂರು ಗಾಲಿಯೋ ನಾಲ್ಕೋ, ಪರದೆ ಎಷ್ಟು ದೊಡ್ಡದು,
ಬಾವುಟದ ದೂರ ಎಷ್ಟು ಗಜವೆಂದು ತಾನೇ ಹೇಳುತ್ತದೆಯೋ
ಎಂಬುದೆಲ್ಲ ಅವನ ಬಾಯಲ್ಲಿ ಪಾಠವಾಗಿತ್ತು.
ನಾನು ಕೇಳಿದ್ದು ಅವನ ಪುಸ್ತಕದಲ್ಲಿರಲಿಲ್ಲ:
ನನ್ನ ಕಾರಿನ ಡಿಕ್ಕಿಯಲ್ಲಿ ನಾಯಿಯ ಕಂಬಳಿಯ ಪಕ್ಕ ಇದು ಹಿಡಿದೀತೇ?
ಜನವರಿಯ ಗಾಳಿಯಲ್ಲಿ, ಗೆಣ್ಣು ಊದಿದ ಈ ಬೆರಳಿಗೆ
ಇದರ ಚಿಲಕ ಮಣಿದೀತೇ?
ಒಂದೇ ಕೈಯಲ್ಲಿ ಮಡಚಿ ತೋರಿಸಿದ.
"ನಿನ್ನ ಕೈ ಅಲ್ಲ ಮಗಾ, ನನ್ನ ಕೈ ನೋಡು" ಎಂದು
ಉಣ್ಣೆಯ ಗವಸು ತೊಟ್ಟೆ.
ಎರಡು ಚಿಲಕ ಸೋತವು.
ಮೂರನೆಯದು ಕೆಂಪು, ಚಮಚದಷ್ಟು ಅಗಲ,
ಟಕ್ ಎಂದಿತು.

ಆಗ ಅವನು ಕಿಟಕಿಯ ಬಳಿಯ ಬಿಳಿಯದನ್ನು ಎಳೆತಂದ.
"ಇದು ತಾನಾಗಿ ಹಿಂದೆ ಬರುತ್ತದೆ.
ಈ ಗುಂಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯಿರಿ, ಸಾಕು."
ನಡೆದೆ, ನಡೆಯಿತು.
ನಿಂತೆ, ನಿಂತಿತು.
ಸರಿಯಾಗಿ ನಾಲ್ಕು ಹೆಜ್ಜೆ ಹಿಂದೆ.

ನಾಲ್ಕು ಹೆಜ್ಜೆ ಹಿಂದೆ, ತುಸು ಎಡಕ್ಕೆ.
ನೆರಳು ಚೆಂಡಿನ ಮೇಲೆ ಬೀಳಬಾರದು.
ಕೆಮ್ಮು ಬಂದರೆ ನುಂಗಬೇಕು.
ಚೆಂಡು ಸಿಕ್ಕರೆ ಅವರ ಕಣ್ಣು ಚುರುಕು,
ಕಳೆದರೆ ನನ್ನ ಕಣ್ಣು ಕುರುಡು.
ಹನ್ನೆರಡರ ನಾನು, ಎಡಿನ್‌ಬರೋದಿಂದ ಬಂದ ದೊರೆಯೊಬ್ಬನ ಚೀಲ ಹೊತ್ತು
ಇದೇ ದಂಡೆಯಲ್ಲಿ ನಾಲ್ಕು ಬೇಸಿಗೆ ನಡೆದೆ.
ಸುತ್ತಿಗೆ ಅರ್ಧ ಕ್ರೌನು ಕೂಲಿ.
ಟೋಪಿಯೊಳಗೆ ಜಡೆ ತುರುಕಿಕೊಂಡಿದ್ದೆ;
ಕೊನೆಯವರೆಗೂ ಅವನು "ಹುಡುಗಾ" ಎಂದೇ ಕರೆದ.
ಒಮ್ಮೆಯಾದರೂ ತಿರುಗಿ ನೋಡಿದ್ದರೆ
ಜಡೆ ಕಾಣುತ್ತಿತ್ತು.

ತಿರುಗಿ ನೋಡಿದೆ.
ಉಸಿರಿಲ್ಲದೆ, ಬೇಸರವಿಲ್ಲದೆ
ಕಾಯುತ್ತಿತ್ತು.
ಬೆನ್ನು ತಣ್ಣಗಾಯಿತು.

"ಇದು ಬೇಡ."
"ಕಂತಿನಲ್ಲೂ ಕೊಡಬಹುದು, ಮೇಡಂ."
ಕಂತಿನ ಮಾತಲ್ಲ ಮಗಾ.
ಕೆಂಪು ಚಿಲಕದ್ದನ್ನೇ ಕಟ್ಟಿಸಿಕೊಂಡೆ.
ಹಿಡಿಯ ಮೇಲೆ ನನ್ನ ಕೈ ಇರಬೇಕು,
ಹೆಬ್ಬೆರಳು ತಿರುವಿದಷ್ಟೇ ವೇಗ.
ಪಕ್ಕದಲ್ಲಿ ನಡೆಯುತ್ತದೆ,
ಕುದಿಯುವ ಮೊದಲಿನ ಕೆಟಲಿನಂತೆ ಗುನುಗುತ್ತ.

ಶುಕ್ರವಾರ, ಆರನೆಯ ಕುಳಿ.
ಊನಾ ತನ್ನ ತಂಗಿಯ ಮೂರನೆಯ ಗಂಡನ ಕತೆ ಹೇಳುತ್ತಿದ್ದಳು,
ಅಂಥ ಕತೆಗೆ ಎರಡೂ ಕೈ ಬೇಕು.
ಹಿಡಿ ಬಿಟ್ಟೆ. ಗುಂಡಿ ಮರೆತೆ.
ಚೀಲ, ಚಹದ ಫ್ಲಾಸ್ಕು, ಹದಿನಾಲ್ಕು ಕೋಲು ಹೊತ್ತು
ಅದು ಇಳಿಜಾರಿನಲ್ಲಿ ಹೊರಟೇಬಿಟ್ಟಿತು,
ಹಳದಿ ಹೂವಿನ ಮುಳ್ಳುಪೊದೆ ದಾಟಿ, ತೊರೆಯತ್ತ,
ಯಾರ ಅಪ್ಪಣೆಗೂ ಕಾಯದೆ.
ಓಡುವಂತಿಲ್ಲ, ಕೀಲು ಕೂಸು.
ಹಿಂದೆ ಹಿಂದೆ ನಡೆದೆ ನಾನು,
ಎಷ್ಟು ಹೆಜ್ಜೆ ಹಿಂದೆಯೋ, ಎಣಿಸಲಿಲ್ಲ.

"ನಿಲ್ಲೇ!" ಎಂದೆ.
ಹೆಸರಿಲ್ಲದ್ದನ್ನು ಕರೆದರೆ ನಿಂತೀತು ಹೇಗೆ?
ತೊರೆಯಲ್ಲಿ ಗಾಲಿ ಮೇಲಾಗಿ ಬಿದ್ದು
ಇನ್ನೂ ತಿರುಗುತ್ತಿತ್ತು ಬಾನಿಗೆ.
ಅಲ್ಲೇ, ಮೊಣಕಾಲುದ್ದ ತಣ್ಣೀರಲ್ಲಿ ನಿಂತು
ಅದಕ್ಕೊಂದು ಹೆಸರಿಟ್ಟೆ.
ಪಾದ್ರಿಗಳ ಮುಂದೆ ಹೇಳುವಂಥದ್ದಲ್ಲ.